ಸುರುಳಿ ದಾಟುವ ದಾರಿ

ಹಿರೇಕೆರೂರು ಕಡೆಯಿಂದ ಹತ್ತಿಯ ಲಾರಿಯ ಜೊತೆ ಬಂದಿದ್ದ ಹಮಾಲನೊಬ್ಬನ ಚಪ್ಪಲಿ ಕಾಳು ತಳ್ಳುವ ಕಬ್ಬಿಣದ ಸುರುಳಿಗೆ ಸಿಕ್ಕಿದ್ದು ಹಂಗಾಮು ಶುರುವಾದ ಎರಡನೇ ವಾರದಲ್ಲಿ. ಕಾಲು ಉಳಿಯಿತು. ಚಪ್ಪಲಿ ಮಾತ್ರ ಕಾಲುವೆಯ ಇನ್ನೊಂದು ತುದಿಯಲ್ಲಿ, ಹತ್ತಿಕಾಳಿನ ರಾಶಿಯ ಮೇಲೆ ಮೂರು ತುಂಡಾಗಿ ಬಂದು ಬಿತ್ತು. ಆ ಮನುಷ್ಯ ತುಂಡುಗಳನ್ನು ಎತ್ತಿ ಎಲ್ಲರಿಗೂ ತೋರಿಸಿ ನಕ್ಕ. ನಾವೂ ನಕ್ಕೆವು. ಆಮೇಲೆ ಅವನು ಒಂದು ಚೀಲದ ಮೇಲೆ ಕುಳಿತವನು ಬಹಳ ಹೊತ್ತು ಏಳಲೇ ಇಲ್ಲ.

ನಾನು ಆ ಜಿನ್ನಿಂಗ್ ಕಾರ್ಖಾನೆಯ ಫಿಟ್ಟರ್. ಬಂಕಾಪುರದ ಹತ್ತಿರ ಹೆದ್ದಾರಿಯ ಪಕ್ಕದಲ್ಲಿತ್ತು ಕಾರ್ಖಾನೆ. ನಾನು ಸವಣೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಎಲ್ಲರ ಬಾಯಲ್ಲೂ ನಾನು ಮಿಸ್ತ್ರಿ. ಯಂತ್ರ ನಿಲ್ಲದಂತೆ ನೋಡಿಕೊಳ್ಳುವುದಷ್ಟೇ ನನ್ನ ಕೆಲಸ ಅಂತ ತಿಳಿದಿದ್ದೆ.

ಕಾರ್ಖಾನೆಯ ಒಳಗು ಹೇಗಿತ್ತು ಅನ್ನುವುದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದೇ ಉದ್ದನೆಯ ಕೋಣೆ. ನಡುವೆ ಉತ್ತರದಿಂದ ದಕ್ಷಿಣಕ್ಕೆ ಜಿನ್ನು ಯಂತ್ರಗಳ ಸಾಲು. ಯಂತ್ರ ಹತ್ತಿಯಿಂದ ಅರಳೆಯನ್ನೂ ಕಾಳನ್ನೂ ಬೇರೆ ಮಾಡುತ್ತದೆ. ಕಾಳು ಯಂತ್ರದ ಮಗ್ಗುಲಲ್ಲಿ ನೆಲದೊಳಗೆ ತೋಡಿದ ಒಂದೂವರೆ ಅಡಿ ಅಗಲದ ಕಾಲುವೆಗೆ ಬೀಳುತ್ತದೆ. ಆ ಕಾಲುವೆಯ ಉದ್ದಕ್ಕೂ ಒಂದು ಕಬ್ಬಿಣದ ತಿರುಪು ತಿರುಗುತ್ತ ಕಾಳನ್ನು ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಅದನ್ನೇ ನಾವು ಸುರುಳಿ ಅನ್ನುತ್ತಿದ್ದೆವು. ಸಾಲಿನ ಪೂರ್ವಕ್ಕೆ ಹತ್ತಿಯ ರಾಶಿ; ಅಲ್ಲಿ ಹೆಣ್ಣುಮಕ್ಕಳು ಕುಳಿತು ಕಸ ಆರಿಸಿ, ಬುಟ್ಟಿಯಲ್ಲಿ ತುಂಬಿ ಯಂತ್ರಕ್ಕೆ ಹಾಕುತ್ತಿದ್ದರು. ಕುಡಿಯುವ ನೀರು, ಹೊರಗಿನ ಬಾಗಿಲು, ಬಾಗಿಲಾಚೆಯ ಪಾಯಖಾನೆ, ಸಾಹುಕಾರರ ಗಾಜಿನ ಕಿಟಕಿಯ ಆಫೀಸು ಎಲ್ಲವೂ ಪಶ್ಚಿಮಕ್ಕೆ. ಉತ್ತರದ ತುದಿಯಲ್ಲಿ ಅರಳೆ ಒತ್ತುವ ಪ್ರೆಸ್ಸನ್ನು ಬಳಸಿಕೊಂಡು ಹೋದರೆ ಸುರುಳಿ ದಾಟಬೇಕಿಲ್ಲ, ಆದರೆ ಇಡೀ ಕೋಣೆ ಸುತ್ತಬೇಕು. ಎರಡು ಯಂತ್ರಗಳ ನಡುವೆ ಮೈ ಓರೆ ಮಾಡಿ ತೂರಿ, ಕಾಲುವೆ ಜಿಗಿದರೆ ಎಂಟು ಹತ್ತು ಹೆಜ್ಜೆ.

ಕಾಲುವೆಗೆ ತಗಡಿನ ಮುಚ್ಚಳಗಳಿದ್ದವು. ಒಂದೊಂದಕ್ಕೆ ನಾಲ್ಕು ಬೋಲ್ಟು. ಹಾನಗಲ್ ಕಡೆಯ ಹತ್ತಿ ಹಸಿ ಇದ್ದಾಗ ಕಾಳು ಉಂಡೆಗಟ್ಟಿ ಸುರುಳಿ ಸಿಕ್ಕಿಕೊಳ್ಳುತ್ತಿತ್ತು. ಬೋಲ್ಟು ಬಿಚ್ಚಿ, ಉಂಡೆ ತೆಗೆದು, ಮತ್ತೆ ಬಿಗಿಯುವಷ್ಟರಲ್ಲಿ ಸಾಲಿನ ಯಂತ್ರಗಳೆಲ್ಲ ನಿಂತಿರಬೇಕು. ದಿನಕ್ಕೆ ನಾಲ್ಕೈದು ಸಲ ಹೀಗಾದಾಗ ಬೋಲ್ಟು ಬಿಗಿಯುವುದನ್ನು ಬಿಟ್ಟವನು ನಾನೇ. ಆಮೇಲೆ ಮುಚ್ಚಳಗಳನ್ನು ಗೋಡೆಗೆ ಒರಗಿಸಿ ಇಟ್ಟವನೂ ನಾನೇ. ಇದನ್ನು ಬೇರೆ ಯಾರ ಮೇಲೂ ಹಾಕುವಂತಿಲ್ಲ.

ಚಪ್ಪಲಿಯ ಸುದ್ದಿ ಕೇಳಿ ಸಾಹುಕಾರರು ನನ್ನನ್ನು ಕರೆಸಿದರು. "ಮಿಸ್ತ್ರಿ, ದೊಡ್ಡ ಅಕ್ಷರದಾಗ ಬೋರ್ಡ್ ಬರಸ್ರಿ. ಸುರುಳಿ ದಾಟಬಾರ್ದು ಅಂತ. ನಾಳೆ ಏನರ ಆದ್ರ ನಾವು ಹೇಳಿದ್ದಿಲ್ಲ ಅನ್ನಬಾರ್ದು ನೋಡ್ರಿ." ಬರೆಸಿದೆ. ಕೆಂಪು ಬಣ್ಣದಲ್ಲಿ ನಾಲ್ಕು ಬೋರ್ಡು. ಮರುದಿನವೂ ದಾಟುವವರು ದಾಟಿದರು.

ಹೆಣ್ಣುಮಕ್ಕಳಲ್ಲಿ ಎಲ್ಲರಿಗಿಂತ ಹಳಬಳು ದುಂಡಸಿಯವಳು. ನಾನು ಅವಳಿಗೆ ಅಕ್ಕ ಅನ್ನುತ್ತಿದ್ದೆ. ಯಾವ ಯಂತ್ರದ ಸಪ್ಪಳ ಬದಲಾಗಿದೆ ಅಂತ ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಅವತ್ತು ಅವಳೇ ನನ್ನ ಕಣ್ಣೆದುರಿಗೆ ಸುರುಳಿ ಜಿಗಿದಳು. ನನಗೆ ಸಿಟ್ಟು ಬಂತು.

"ಅಕ್ಕಾ, ಬೋರ್ಡ್ ಕಾಣಂಗಿಲ್ಲೇನು ನಿನಗ?"

"ಕಾಣತೈತಿ ಮಿಸ್ತ್ರಿಯಣ್ಣಾ. ಓದಾಕೂ ಬರತೈತಿ. ನೀರು ಆ ಕಡೆ ಐತಿ, ನಾವು ಈ ಕಡೆ ಅದೇವಿ. ಸುತ್ತ ಹಾಕ್ಕೊಂಡು ಹೋದ್ರ ಕಿಟಕ್ಯಾಗಿಂದ ಸಾವ್ಕಾರ್ರು ಗಡಿಯಾರ ನೋಡತಾರ. ಬೋರ್ಡ್ ಬರದಾವ್ರು ಇದಕ್ಕೇನು ಮಾಡಬೇಕು ಅಂತನೂ ಬರೀಬೇಕಾಗಿತ್ತಿಲ್ಲೋ?"

ನಾನು ಟೇಪು ತಂದು ಕಾಲುವೆಯ ಉದ್ದ ಅಳೆಯತೊಡಗಿದೆ. 

ಮೊದಲು ನನಗೆ ತಿಳಿದ ವಿದ್ಯೆಯನ್ನೇ ಹೂಡಿದೆ. ಕಾಲುವೆಯ ಉದ್ದಕ್ಕೂ ಪೈಪಿನ ಕಟಾಂಜನ ಬೆಸೆದೆ. ವಾರದೊಳಗೆ ಅದರ ಮೇಲೆ ಊಟದ ಬುತ್ತಿಗಳು, ಟವೆಲ್ಲುಗಳು ತೂಗಾಡತೊಡಗಿದವು. ಜನ ಬಗ್ಗಿ ಅದರಡಿ ತೂರಿದರು. ಬಗ್ಗಿದಾಗ ಸೀರೆಯ ಸೆರಗು ಸುರುಳಿಗೆ ಇನ್ನಷ್ಟು ಹತ್ತಿರವಾಗುತ್ತಿತ್ತು. ನಾನೇ ಗ್ಯಾಸ್ ಕಟರ್ ಹಿಡಿದು ಅದನ್ನು ಕತ್ತರಿಸಿ ತೆಗೆದೆ.

ಆಮೇಲೆ ಮುಚ್ಚಳಗಳಿಗೆ ಬಿಜಾಗರಿ ಹಾಕಿದೆ. ಬೋಲ್ಟು ಬೇಡ, ಎತ್ತಿದರೆ ತೆರೆಯಬೇಕು, ತೆರೆದ ಕೂಡಲೇ ಮೋಟಾರು ನಿಲ್ಲಬೇಕು. ಅದಕ್ಕೆ ಪ್ರತಿ ಮುಚ್ಚಳದ ಕೆಳಗೆ ಒಂದು ಸಣ್ಣ ಸ್ವಿಚ್ಚು ಕೂಡಿಸಿದೆ. ಹುಬ್ಬಳ್ಳಿಯಿಂದ ಸ್ವಿಚ್ಚು ತಂದು, ವೈರು ಎಳೆದು ಮುಗಿಸಲು ನಾಲ್ಕು ದಿನ ಹಿಡಿಯಿತು. ಮೊದಲ ದಿನ ಮುಚ್ಚಳ ಎತ್ತಿದಾಗ ಸುರುಳಿ ನಿಂತಿತು. ಒಂದು ಕೆಲಸ ಮಾಡಿದೆ ಅನ್ನಿಸಿತು. ಆದರೆ ಹತ್ತಿಯ ಕಾರ್ಖಾನೆಯಲ್ಲಿ ಗಾಳಿಯೇ ಅರೆಪಾಲು ನಾರು. ಒಂದು ವಾರಕ್ಕೆ ಸ್ವಿಚ್ಚಿನ ಡಬ್ಬಿಯೊಳಗೆ ನಾರು ತುಂಬಿ, ಮುಚ್ಚಳ ಮುಚ್ಚಿದ್ದರೂ ಮೋಟಾರು ನಿಲ್ಲತೊಡಗಿತು. ಹನ್ನೊಂದು ಸ್ವಿಚ್ಚುಗಳಲ್ಲಿ ಯಾವುದು ಕೆಟ್ಟಿದೆ ಅಂತ ಹುಡುಕುವುದೇ ಒಂದು ಕೆಲಸ. ಒಂದು ಬೆಳಿಗ್ಗೆ ಬಂದು ನೋಡಿದರೆ ಎಲ್ಲ ಸ್ವಿಚ್ಚುಗಳನ್ನೂ ತಂತಿ ಬಿಗಿದು ಕಟ್ಟಿ, ಉಂಡೆ ತೆಗೆಯಲು ಸಲೀಸಾಗಲಿ ಅಂತ ಮುಚ್ಚಳಗಳನ್ನು ಮತ್ತೆ ಗೋಡೆಗೆ ಒರಗಿಸಿದ್ದರು. ಯಾರು ಅಂತ ಕೇಳಿದೆ. ಮೋಟಾರು ನೋಡುವವನು ಮುಚ್ಚಿಡಲಿಲ್ಲ: "ನಾನ ಕಟ್ಟೇನಿ ಮಿಸ್ತ್ರಿ. ತಾಸಿಗೊಮ್ಮೆ ನಿಂತ್ರ ಬೈಗಳಾ ತಿನ್ನಾವ ನಾನು, ನೀವಲ್ಲ." ಅವನನ್ನು ಬೈಯಲಾಗಲಿಲ್ಲ. ನಾನು ಮಾಡಿದ್ದು ನಾರಿನ ನಡುವೆ ಬಾಳುವ ವಸ್ತುವಾಗಿರಲಿಲ್ಲ.

ಕಾಲುವೆಗೆ ಜಾಲರಿ ಹಾಕುವುದೂ ಆಗದ ಮಾತು. ಕಾಳಿಗೆ ಅಂಟಿದ ನಾರು ಜಾಲರಿಯಲ್ಲಿ ಸಿಕ್ಕಿ ತುಸು ಹೊತ್ತಿನೊಳಗೆ ಕಂಬಳಿಯಂತೆ ಹೆಣೆದುಕೊಳ್ಳುತ್ತದೆ.

ಆಗ ಯಂತ್ರವನ್ನು ನೋಡುವುದು ಬಿಟ್ಟು ಮೂರು ದಿನ ಬರೀ ಕಾಲುಗಳನ್ನು ನೋಡಿದೆ. ಗ್ರೀಸು ಹಚ್ಚುವ ನೆಪದಲ್ಲಿ ನಿಂತು, ಯಾರಾದರೂ ದಾಟಿದಾಗೊಮ್ಮೆ ತಗಡಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ. ಬೆಳಿಗ್ಗೆಯಿಂದ ಊಟದ ಹೊತ್ತಿಗೇ ತಗಡು ತುಂಬುತ್ತಿತ್ತು. ಎಲ್ಲರೂ ಎಲ್ಲ ಕಡೆ ದಾಟುತ್ತಿರಲಿಲ್ಲ ಅನ್ನುವುದು ಆಗ ಗೊತ್ತಾಯಿತು. ಆರನೇ ಮತ್ತು ಏಳನೇ ಯಂತ್ರದ ನಡುವೆ ಹಿಂದೊಮ್ಮೆ ಒಂದು ಹಳೆಯ ಯಂತ್ರ ಕಿತ್ತು ತೆಗೆದಿದ್ದರು. ಅಲ್ಲಿ ಜಾಗ ಅಗಲವಿತ್ತು. ಅಲ್ಲಿಯ ಸಿಮೆಂಟಿನ ಅಂಚು ಕಾಲು ತಾಗಿ ತಾಗಿ ಹೊಸ್ತಿಲಿನಂತೆ ನುಣ್ಣಗಾಗಿತ್ತು. ದಾಟುವವರಲ್ಲಿ ಮುಕ್ಕಾಲು ಪಾಲು ಕೈಯಲ್ಲಿ ಲೋಟವೋ ಬಾಟಲಿಯೋ ಹಿಡಿದಿರುತ್ತಿದ್ದರು. ಉಳಿದವರು ಪಾಯಖಾನೆಗೆ. ಕೆಲವರು ಬೆಳಿಗ್ಗೆಯಿಂದ ಏಳುತ್ತಲೇ ಇರಲಿಲ್ಲ. ಅವರು ನೀರೇ ಕುಡಿಯುವುದಿಲ್ಲ ಅಂತ ಅಕ್ಕ ಹೇಳಿದಳು. "ಕುಡದ್ರ ಹೋಗಬೇಕಾಗತೈತಲ್ಲಣ್ಣಾ. ಉರಿಮೂತ್ರ ಅಂತ ಶಿಗ್ಗಾವಿ ದವಾಖಾನಿಗೆ ಎಷ್ಟ ಮಂದಿ ಹೋಗಿ ಬಂದಾರ, ಕೇಳಿ ನೋಡು."

ನಾನು ಸಾಹುಕಾರರ ಮುಂದೆ ಕಾಗದದ ಮೇಲೆ ಕೋಣೆಯ ನಕ್ಷೆ ಬರೆದು ತೋರಿಸಿದೆ. ನೀರನ್ನು ಪೂರ್ವದ ಗೋಡೆಗೆ ತರೋಣ, ಅದೇ ಗೋಡೆಗೆ ಒಂದು ಬಾಗಿಲು ಒಡೆದು ಆಚೆ ಪಾಯಖಾನೆ ಕಟ್ಟೋಣ, ದಾಟುವ ಕಾರಣವೇ ಇಲ್ಲದಂತಾಗುತ್ತದೆ ಅಂದೆ. ಅವರು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ದಡ್ಡರಲ್ಲ ಅವರು.

"ಮಿಸ್ತ್ರಿ, ಈ ಕಟ್ಟಡ ನಮ್ಮ ಅಪ್ಪಾರು ಕಟ್ಟಿಸಿದ್ದು. ಬಾಗಲಾ ಒಂದ ಯಾಕ ಇಟ್ಟಾರ ಗೊತ್ತೇನು? ಯಾರು ಹೊರಗ ಹೋದ್ರು, ಎಷ್ಟೊತ್ತು ಹೋದ್ರು, ಈ ಕುರ್ಚಿಮ್ಯಾಲ ಕುಂತು ನೋಡಬೇಕು ಅಂತ. ಆ ಕಡೆ ಬಾಗಲಾ ಇಟ್ರ ನಾನು ಅಲ್ಲೊಂದು ಕುರ್ಚಿ ಹಾಕಬೇಕಾಗತೈತಿ."

ಅಲ್ಲಿಯವರೆಗೆ ನಾನು ಆ ಕೋಣೆ ಹೇಗೋ ಹಾಗೆ ಬೆಳೆದಿದೆ ಅಂದುಕೊಂಡಿದ್ದೆ. ಅದು ಹಾಗೆ ಬೆಳೆದದ್ದಲ್ಲ. ಆ ಕಿಟಕಿಯ ಲೆಕ್ಕದಲ್ಲಿ ಕಟ್ಟಿದ್ದು. ಹೆಣ್ಣುಮಕ್ಕಳು ಓಡುತ್ತಿದ್ದದ್ದು, ಜಿಗಿಯುತ್ತಿದ್ದದ್ದು, ಬಾಯಾರಿ ಕೂರುತ್ತಿದ್ದದ್ದು ಅವರ ಗುಣ ಅಂತ ನಾನು ಬೈಯುತ್ತಿದ್ದೆನಲ್ಲ, ಅದೆಲ್ಲ ಗೋಡೆಗಳು ಕಲಿಸಿದ್ದು.

ಕೊನೆಗೆ ಅವರು ನೀರಿಗೆ ಒಪ್ಪಿದರು. ಬಾಗಿಲಿಗೆ ಒಪ್ಪಲಿಲ್ಲ. ನುಣುಪಾದ ಆ ಅಂಚಿನ ಕಡೆ ಒಂದು ಸಣ್ಣ ಸೇತುವೆ ಮಾಡುತ್ತೇನೆ ಅಂದಾಗ, "ಗುಜರಿಯೊಳಗಿನ ಕಬ್ಬಿಣ ತಗೊಂಡು ಏನರ ಮಾಡ್ರಿ" ಅಂದರು.

ಕರೆಂಟು ಇಲ್ಲದ ವಾರದ ರಜೆಯ ದಿನ ಬಂದು ಕೆಲಸ ಮಾಡಿದೆ. ಪೂರ್ವದ ಗೋಡೆಯುದ್ದಕ್ಕೂ ಪೈಪು ಎಳೆದು, ಇಟ್ಟಿಗೆಯ ಕಟ್ಟೆ ಕಟ್ಟಿ, ಮೇಲೆ ನಳ ಇರುವ ಸ್ಟೀಲಿನ ಡ್ರಮ್ಮು ಇಟ್ಟೆ. ಗುಜರಿಯಿಂದ ಕಾಲು ಜಾರದಂತೆ ಗೀರು ಇರುವ ದಪ್ಪ ತಗಡು ಆರಿಸಿ, ಮೂರಡಿ ಅಗಲದ ಸೇತುವೆ ಮಾಡಿದೆ. ಎರಡೂ ಕಡೆ ಒಂದೊಂದು ಮೆಟ್ಟಿಲು, ಸೊಂಟದೆತ್ತರಕ್ಕೆ ಹಿಡಿದುಕೊಳ್ಳುವ ಕಂಬಿ. ಸೇತುವೆ ಎಲ್ಲಿರಬೇಕು ಅನ್ನುವುದನ್ನು ನಾನು ಗೊತ್ತು ಮಾಡಲಿಲ್ಲ. ಅವರ ಕಾಲುಗಳು ಮೊದಲೇ ಗೊತ್ತು ಮಾಡಿದ್ದವು. ಉಳಿದ ಸಂದುಗಳಿಗೆ ಹತ್ತಿಬುಟ್ಟಿಗಳನ್ನು ಇಡುವ ಕಪಾಟು ನಿಲ್ಲಿಸಿದೆ. ಬುಟ್ಟಿಗೂ ಜಾಗವಾಯಿತು, ಸಂದೂ ಮುಚ್ಚಿತು.

ಯಾರಿಗೂ ಏನೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಸೀಮೆಸುಣ್ಣ ಹಿಡಿದು ನಿಂತೆ. ಮಧ್ಯಾಹ್ನದವರೆಗೆ ಒಂದೂ ಗೆರೆ ಬೀಳಲಿಲ್ಲ. ಪಾಯಖಾನೆಗೆ ಹೋಗುವವರು ಸೇತುವೆ ಹತ್ತಿ ಇಳಿದರು. ನಡೆದೇ ಹೋದರು, ಓಡಲಿಲ್ಲ. ನೀರಿನ ಕಟ್ಟೆಯ ಹತ್ತಿರ ಮಾತು, ನಗು. ಅಕ್ಕ ಸೇತುವೆಯ ಮೇಲೆ ನಿಂತು ಕಂಬಿಯನ್ನು ಅಲ್ಲಾಡಿಸಿ ನೋಡಿದಳು. "ಗಟ್ಟಿ ಐತಿ. ನನ್ನ ಅಳಿಯ ಕಟ್ಟಿದ ಮನಿಗಿಂತ ಚೊಲೊ ಐತಿ" ಅಂದಳು.

ಹಾಗೆ ಎರಡು ತಿಂಗಳು ನಡೆಯಿತು. ನನ್ನ ಕೆಲಸದ ಬದುಕಿನಲ್ಲಿ ನಾನು ಸರಿಯಾಗಿ ಮಾಡಿದ್ದು ಅಂತ ಹೇಳಿಕೊಳ್ಳುವಂಥದ್ದು ಆ ಎರಡು ತಿಂಗಳೇ.

ಹತ್ತಿ ಒಮ್ಮೆಲೇ ಹೆಚ್ಚಾಯಿತು. ಅಂಗಳದಲ್ಲಿ ಲಾರಿಗಳು ಸಾಲುಗಟ್ಟಿದವು. ಅರಳೆ ಸಾಗಿಸಲು ದೊಡ್ಡ ಗಾಡಿಗಳನ್ನು ತಂದರು. ಸೇತುವೆಯ ಮೆಟ್ಟಿಲು ಪಶ್ಚಿಮದ ಓಣಿಯೊಳಗೆ ಒಂದಡಿ ಚಾಚಿಕೊಂಡಿತ್ತು, ಗಾಡಿಯ ಗಾಲಿ ಅದಕ್ಕೆ ತಾಗುತ್ತಿತ್ತು. ಡ್ರಮ್ಮಿನ ನಳ ಸೋರಿ ಒಂದಿಷ್ಟು ಹತ್ತಿಗೆ ಕಲೆ ಬಿತ್ತು. ನಾನು ಜಿನ್ನಿನ ರೋಲರಿಗೆ ಹಾಕುವ ತೊಗಲು ತರಲು ಹುಬ್ಬಳ್ಳಿಗೆ ಹೋಗಿ ಎರಡು ದಿನ ಬಿಟ್ಟು ಬಂದಾಗ ಸೇತುವೆ ಅಂಗಳದಲ್ಲಿ ಮಗುಚಿ ಬಿದ್ದಿತ್ತು. ಡ್ರಮ್ಮು ಹಳೆಯ ಜಾಗಕ್ಕೆ, ಕಿಟಕಿಯ ಕೆಳಕ್ಕೆ ಹೋಗಿತ್ತು. ಸಂದುಗಳಿಂದ ಎಳೆದು ಹಾಕಿದ ಬುಟ್ಟಿಯ ಕಪಾಟುಗಳನ್ನು ಹತ್ತಿಯ ರಾಶಿ ನುಂಗಿತ್ತು.

ನೇರವಾಗಿ ಆಫೀಸಿಗೆ ಹೋದೆ. "ಸಾವ್ಕಾರ್ರ, ಮೆಟ್ಲ ಒಂದ ಕೊಯ್ದು ಒಳಗ ತಗೋತೇನ್ರಿ. ಒಂದ ದಿನ ಕೊಡ್ರಿ. ಸೇತುವಿ ತಗೀಬ್ಯಾಡ್ರಿ."

"ಈಗ ಒಂದ ತಾಸು ನಿಂದರ್ಸೂದೂ ಆಗಂಗಿಲ್ಲ ಮಿಸ್ತ್ರಿ. ಹಂಗಾಮು ಮುಗೀಲಿ. ಮತ್ತ ಎರಡ ತಿಂಗಳಾತು, ಯಾರಿಗರ ಏನರ ಆತೇನು?"

"ಸೇತುವಿ ಇತ್ತಂತ ಆಗಲಿಲ್ರಿ."

"ಅದನ್ನ ಹೆಂಗ ಹೇಳತೀರಿ? ಅದಕ್ಕೂ ಮೊದ್ಲ ಇಪ್ಪತ್ತ ವರ್ಷ ಏನಾಗಿತ್ತು?"

 ಆಗದೆ ಉಳಿದದ್ದನ್ನು ಯಾರಿಗೆ ತೋರಿಸುವುದು? ನಾನು ಅವತ್ತು ಮೋಟಾರು ಚಾಲೂ ಮಾಡುವುದಿಲ್ಲ ಅಂತ ಕುಳಿತುಬಿಡಬಹುದಿತ್ತು. ಆ ಯೋಚನೆ ಬಂದಿತ್ತು. ಕುಳಿತರೆ ಬೇರೆ ಯಾರಾದರೂ ಚಾಲೂ ಮಾಡುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಹೋಗಿ ಸ್ವಿಚ್ಚು ಒತ್ತಿದೆ.

ನಾಲ್ಕನೇ ದಿನ, ಊಟ ಮುಗಿದ ಮೇಲೆ. ಎಲ್ಲರೂ ದಾಟುವುದು ಬೇಡ ಅಂತ ಅಕ್ಕ ಒಂದು ಕೊಡ ಹಿಡಿದು, ಎಲ್ಲರ ನೀರನ್ನೂ ತಾನೇ ತರತೊಡಗಿದ್ದಳು. ನನಗೆ ಅದು ಗೊತ್ತಿತ್ತು. ಜಾಣತನ ಅಂತಲೂ ಅನ್ನಿಸಿತ್ತು. ತುಂಬಿದ ಕೊಡ ಸೊಂಟದಲ್ಲಿದ್ದರೆ ಮನುಷ್ಯನಿಗೆ ತನ್ನ ಪಾದ ಕಾಣುವುದಿಲ್ಲ ಅನ್ನುವುದು ಹೊಳೆಯಲಿಲ್ಲ. ಅಂಚಿನ ಮೇಲೆ ಕಾಳು ಚೆಲ್ಲಿತ್ತು. ಅವಳ ಕಾಲು ಜಾರಿತು.

ಮೊದಲು ಕೊಡ ಬಿದ್ದ ಸಪ್ಪಳ. ಆಮೇಲೆ ಅವಳ ಕೂಗು. ನಾನು ಪೂರ್ವದ ಕಡೆ ಒಂಬತ್ತನೇ ಯಂತ್ರದ ಹತ್ತಿರ ಇದ್ದೆ. ಮೋಟಾರು ನಿಲ್ಲಿಸುವ ಗುಂಡಿ ಪಶ್ಚಿಮದ ಗೋಡೆಯ ಮೇಲೆ, ಆಫೀಸಿನ ಬಾಗಿಲ ಪಕ್ಕದಲ್ಲಿತ್ತು. ಸುತ್ತಿ ಹೋಗುವಷ್ಟು ಹೊತ್ತಿರಲಿಲ್ಲ. ಹತ್ತಿರದ ಸಂದಿನಲ್ಲಿ ತೂರಿ, ತಿರುಗುತ್ತಿದ್ದ ಸುರುಳಿಯನ್ನು ಜಿಗಿದು ಹೋಗಿ ಗುಂಡಿ ಗುದ್ದಿದೆ. ಮೋಟಾರು ನಿಂತಿತು. ಸುರುಳಿ ಭಾರದ ವಸ್ತು, ಕೂಡಲೇ ನಿಲ್ಲುವುದಿಲ್ಲ. ಇನ್ನೂ ಎರಡು ಸುತ್ತು ತಿರುಗಿತು.

ಬೆಲ್ಟು ಕಳಚಿ, ರಾಟೆಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದೆವು. ಒಬ್ಬರು ತಿರುಗಿಸಲು, ಇಬ್ಬರು ಅವಳನ್ನು ಹಿಡಿದುಕೊಳ್ಳಲು. ಅಷ್ಟು ನಿಧಾನವಾಗಿ ನಾನು ಯಾವ ಕೆಲಸವನ್ನೂ ಮಾಡಿದ್ದಿಲ್ಲ. ಅವಳು ನನ್ನ ಅಂಗಿ ಹಿಡಿದು, "ಹುಡಿಗ್ಯಾರಿಗೆ ನೋಡಾಕ ಕೊಡಬ್ಯಾಡಣ್ಣಾ, ಹೊರಗ ಕಳಸು" ಅಂದಳು. ಶಿಗ್ಗಾವಿಯಲ್ಲಿ ಕಟ್ಟು ಹಾಕಿ ಹುಬ್ಬಳ್ಳಿಗೆ ಕಳಿಸಿದರು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಸಮಾಧಾನದಿಂದ ಕೇಳಿದರು. ಕಡತದಲ್ಲಿದ್ದ ಮಂಜೂರಾತಿ ನಕ್ಷೆ ಬಿಡಿಸಿ, ಪ್ರೆಸ್ಸಿನ ಹಿಂದೆ ಎಳೆದಿದ್ದ ಚುಕ್ಕಿಗೆರೆಯ ಮೇಲೆ ಬೆರಳಿಟ್ಟರು. "ಓಡಾಡಾಕ ದಾರಿ ತೋರಿಸ್ಯಾರಲ್ರಿ ಮಿಸ್ತ್ರಿ. ಆಕಿ ಆ ದಾರೀಲೆ ಹೋಗಿದ್ದಿಲ್ಲ, ಹೌದಲ್ಲೋ?"

"ಆ ದಾರೀಲೆ ಯಾರೂ ಹೋಗಂಗಿಲ್ರಿ ಸಾಹೇಬ್ರ."

"ಅದನ್ನ ನಾ ಹೆಂಗ ಬರೀಲಿ?"

ನಾನೇ ಬರೆದುಕೊಟ್ಟೆ. ಮೂರು ಹಾಳೆ. ಬಿಚ್ಚಿದ ಬೋಲ್ಟಿನಿಂದ ಹಿಡಿದು ಸೇತುವೆ ತೆಗೆದ ದಿನದವರೆಗೆ, ನನ್ನ ತಪ್ಪನ್ನೂ ಸೇರಿಸಿ. ಜನ ನೀರಿಗಾಗಿ ದಾಟುತ್ತಾರೆ, ನೀರು ಇರುವ ಜಾಗವೇ ಅಪಘಾತಕ್ಕೆ ಕಾರಣ ಅನ್ನುವ ವಾಕ್ಯದ ಕೆಳಗೆ ಗೆರೆ ಎಳೆದೆ. ಅಧಿಕಾರಿ ಅದನ್ನು ಕಡತಕ್ಕೆ ಸೇರಿಸಿ, ಒಂದು ಪ್ರತಿಯನ್ನು ಸಾಹುಕಾರರಿಗೆ ಕೊಟ್ಟರು. ವರದಿಯಲ್ಲಿ ಕಾರ್ಮಿಕಳ ಅಜಾಗರೂಕತೆ ಅಂತಲೇ ಬಂತು. ಜೊತೆಗೆ, ಜನ ಸುರುಳಿ ದಾಟದಂತೆ ಮಾಲೀಕರು ಸೂಕ್ತ ಕ್ರಮ ಕೈಗೊಳ್ಳಬೇಕು ಅಂತ ಒಂದು ಸಾಲು.

ಕಾರ್ಖಾನೆ ಕೆಲವು ದಿನ ಮುಚ್ಚಿ, ಮತ್ತೆ ತೆರೆಯಿತು. ತೆರೆದ ದಿನ ಸಾಹುಕಾರರು ನನ್ನನ್ನು ಕರೆದರು. ಮೇಜಿನ ಮೇಲೆ ನನ್ನ ಮೂರು ಹಾಳೆ ಇದ್ದವು.

"ಪೂರಾ ಓದೇನಿ ಮಿಸ್ತ್ರಿ. ಖರೇ ಬರದೀರಿ. ನೀರಿಂದನ ಆಗಿದ್ದು."

ಕೋಣೆಯೊಳಗೆ ಹೋಗಿ ನೋಡಿದೆ. ಕಿಟಕಿಯ ಕೆಳಗೆ ಡ್ರಮ್ಮು ಇರಲಿಲ್ಲ. ಪೂರ್ವದ ಕಟ್ಟೆಯ ಮೇಲೂ ಇರಲಿಲ್ಲ. ಅದನ್ನು ಗೇಟಿನ ಹತ್ತಿರ, ಕಾವಲುಗಾರನ ಗುಡಿಸಲ ಪಕ್ಕಕ್ಕೆ ಒಯ್ದು ಇಟ್ಟಿದ್ದರು. ಒಳಗೆ ಬಾಟಲಿ ತರುವಂತಿಲ್ಲ. ನೀರು ಊಟದ ಹೊತ್ತಿನಲ್ಲಿ, ಮತ್ತೆ ಸಂಜೆ ಬಿಡುವಾಗ. ಪಾಯಖಾನೆಯೂ ಆಗಲೇ. ಮೋಟಾರು ನಿಂತ ಮೇಲೆಯೇ ಎಲ್ಲರೂ ಒಟ್ಟಿಗೆ ಏಳಬೇಕು. ಮಾರ್ಚಿನ ಬಿಸಿಲಿಗೆ ತಗಡಿನ ಸೂರು ಕಾದಿತ್ತು. ಹೆಣ್ಣುಮಕ್ಕಳು ಒಣಗಿದ ತುಟಿಯಲ್ಲಿ ಹತ್ತಿ ಆರಿಸುತ್ತಿದ್ದರು. ನಾನು ಅಭ್ಯಾಸಬಲದಿಂದ ಎಣಿಸಲು ನಿಂತೆ. ಅವತ್ತು ಯಾರೂ ದಾಟಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನ ಒಬ್ಬಳು ಕುಳಿತಲ್ಲೇ ತಲೆಸುತ್ತಿ ಬಿದ್ದಳು. ಅವಳನ್ನು ಗೇಟಿನ ಕಡೆಗೆ ಹೊತ್ತುಕೊಂಡು ಹೋದದ್ದು ಪ್ರೆಸ್ಸು ಸುತ್ತಿಕೊಂಡು, ಮಂಜೂರಾದ ದಾರಿಯಲ್ಲಿ.

ಹಂಗಾಮು ಮುಗಿಯುವವರೆಗೆ ಇದ್ದು, ಬಿಟ್ಟುಬಿಟ್ಟೆ. ಬಿಟ್ಟದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಬೇರೆ ಫಿಟ್ಟರ್ ಬಂದ.

ಬಿಡುವ ಮೊದಲು ಒಂದು ಭಾನುವಾರ ದುಂಡಸಿಗೆ ಹೋದೆ. ಅಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಒಂದು ಕಾಲು ಉದ್ದ, ಇನ್ನೊಂದು ಮಡಚಿದ ಸೀರೆಯೊಳಗೆ ಅರ್ಧಕ್ಕೆ ಮುಗಿದಿತ್ತು. "ಬರ್ರಿ ಮಿಸ್ತ್ರಿಯಣ್ಣಾ, ಕುಂದರ್ರಿ" ಅಂದಳು. ಹಿಂದೆಲ್ಲ ಏಕವಚನದಲ್ಲಿ ಮಾತಾಡುತ್ತಿದ್ದವಳು ಅವತ್ತು ಮನೆಗೆ ಬಂದವನೆಂದು ಬಹುವಚನ ಹಚ್ಚಿದಳು. ಚಹಾ ಬಂತು. ಯಾವ ಯಂತ್ರ ಹೇಗಿದೆ, ಯಾರು ಬಿಟ್ಟರು, ಯಾರು ಹೊಸದಾಗಿ ಬಂದರು ಅಂತ ಒಂದೊಂದೇ ಕೇಳಿದಳು. ಕೇಳಬೇಕಾದದ್ದನ್ನು ಕೊನೆಗೆ ಕೇಳಿದಳು.

"ಹುಡಿಗ್ಯಾರು ಇನ್ನೂ ಸುರುಳಿ ದಾಟತಾರೇನ್ರಿ?"

"ಇಲ್ಲಕ್ಕ. ಈಗ ಯಾರೂ ದಾಟಂಗಿಲ್ಲ."

ಅವಳ ಮುಖ ಸಡಿಲಾಯಿತು. "ಹಂಗಾರ ನೀವು ಹೇಳಿದ್ದನ್ನ ಕೇಳ್ಯಾರ ಅಂದಂಗಾತು."

"ಹೌದಕ್ಕ," ಅಂದೆ, "ಕೇಳ್ಯಾರ."